ಚೆಂಡು ಮುಟ್ಟದವನ ಲೆಕ್ಕ

ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ಗೆ ಬಂದ ಹೊಸದರಲ್ಲಿ ಅಮೆರಿಕನ್ ಫುಟ್‌ಬಾಲ್ ನನಗೆ ಬರೀ ತಳ್ಳಾಟದ ಹಾಗೆ ಕಾಣುತ್ತಿತ್ತು. ಚೆಂಡು ಎಲ್ಲಿ ಹೋಯಿತು ಅಂತ ಹುಡುಕುವಷ್ಟರಲ್ಲಿ ಆಟವೇ ನಿಂತಿರುತ್ತಿತ್ತು. ಒಂದಿನ ಪಕ್ಕದ ಮನೆಯ ಅಜ್ಜ ಯಾವುದೋ ಹಳೆಯ ಪಂದ್ಯ ಹಾಕಿ, ಚೆಂಡಿನ ಗೊಡವೆ ಬಿಟ್ಟು 75ನೇ ನಂಬರಿನವನನ್ನು ನೋಡು ಅಂದರು.

ಆ 75 ಓಹಿಯೋದ ಸ್ಯಾಂಡಸ್ಕಿ ಊರಿನ ಒರ್ಲ್ಯಾಂಡೊ ಪೇಸ್. 1994ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಮೊದಲ ವರ್ಷವೇ ತಂಡದಲ್ಲಿ ಜಾಗ ಹಿಡಿದ. ಎದುರಾಳಿಗಳನ್ನು ತಡೆಯಲು ಮುಂದೆ ನಿಲ್ಲುವವರ ಸಾಲಿನ ಎಡ ತುದಿಯಲ್ಲಿ ನಿಲ್ಲುತ್ತಿದ್ದ. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆಯಿಂದ ನುಗ್ಗಿ ಬರುವವನು ಕಾಣುವುದಿಲ್ಲ. ಅವನನ್ನು ತಡೆಯುವುದೇ ಪೇಸ್ ಕೆಲಸ. ಕೊನೆಯ ಎರಡು ವರ್ಷ ಒಬ್ಬನೂ ಪೇಸ್‌ನನ್ನು ದಾಟಿ ಕ್ವಾರ್ಟರ್‌ಬ್ಯಾಕನ್ನು ಕೆಡವಲಿಲ್ಲ. 1995ರಲ್ಲಿ ಅದೇ ತಂಡದ ಎಡ್ಡಿ ಜಾರ್ಜ್ ಚೆಂಡು ಹಿಡಿದು 1,927 ಗಜ ಓಡಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಆ ಓಟಕ್ಕೆ ದಾರಿ ಬಿಡಿಸಿದವರಲ್ಲಿ ಪೇಸ್ ಮುಂದಿದ್ದ.

ನನಗೆ ಜಾಸ್ತಿ ಇಷ್ಟವಾದದ್ದು ಇದು: ಎದುರಾಳಿಯನ್ನು ಅಂಗಾತ ಕೆಡವಿದರೆ ಅದಕ್ಕೆ ಪ್ಯಾನ್‌ಕೇಕ್ ಅಂತಾರೆ. ಹೆಂಚಿನ ಮೇಲೆ ದೋಸೆ ಮಗುಚಿದ ಹಾಗೆ ಅಂದ್ಕೊಳ್ಳಿ. ಪೇಸ್ ಎಷ್ಟು ಪ್ಯಾನ್‌ಕೇಕ್ ಹಾಕಿದ ಅಂತ ಎಣಿಸಿದರು! 1996ರಲ್ಲಿ ಹೈಸ್‌ಮನ್‌ಗೆ ಅವನ ಪರ ಪ್ರಚಾರಕ್ಕೆ ಪ್ಯಾನ್‌ಕೇಕ್ ಆಕಾರದ ಫ್ರಿಜ್ ಮ್ಯಾಗ್ನೆಟ್‌ಗಳನ್ನೇ ಮಾಡಿಸಿದರು. ಸಿಕ್ಕಿದ್ದು ನಾಲ್ಕನೇ ಸ್ಥಾನ. ಟ್ರೋಫಿ ಹೋಗಿದ್ದು ಕ್ವಾರ್ಟರ್‌ಬ್ಯಾಕ್ ಒಬ್ಬನಿಗೆ, ಇನ್ನೇನು. ಇಂಥ ಸಾಲಿನವರಿಗೆ ಆ ಟ್ರೋಫಿ ಯಾವತ್ತೂ ದಕ್ಕಿಲ್ಲ. ಆದರೆ ಮುಂಚೂಣಿಯವರಿಗೆ ಕೊಡುತ್ತಿದ್ದ ಲೊಂಬಾರ್ಡಿ ಪ್ರಶಸ್ತಿ 1995, 1996 ಎರಡೂ ವರ್ಷ ಅವನದೇ; ಎರಡು ಸಲ ಗೆದ್ದ ಮೊದಲಿಗ. ಸಾಲಿನವರಿಗೆಂದೇ ಇರುವ 1996ರ ಔಟ್‌ಲ್ಯಾಂಡ್ ಟ್ರೋಫಿಯೂ ಬಂತು. 1997ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಸೇಂಟ್ ಲೂಯಿಸ್ ರಾಮ್ಸ್ ಇಡೀ ದೇಶದ ಹುಡುಗರಲ್ಲಿ ಮೊದಲು ಆರಿಸಿದ್ದು ಅವನನ್ನೇ. 2013ರಲ್ಲಿ ಕಾಲೇಜು ಫುಟ್‌ಬಾಲ್‌ನ, 2016ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ.

ಇಲ್ಲಿಯವರು ತಾರೆಗಳನ್ನು ಪೂಜಿಸೋದಿಲ್ಲ ಅಂತಲ್ಲ. ನಮ್ಮಷ್ಟೇ ಪೂಜಿಸ್ತಾರೆ. ಆದರೆ ಚೆಂಡು ಮುಟ್ಟದವನ ಕೆಲಸಕ್ಕೂ ಒಂದು ಹೆಸರು, ಒಂದು ಎಣಿಕೆ ಇಟ್ಟಿದ್ದಾರೆ. ಹೆಸರಿದ್ದರೆ ಕಣ್ಣಿಗೆ ಬೀಳುತ್ತೆ, ಅಲ್ವಾ?

ನಮ್ಮಲ್ಲಿ 1983ರ ಕ್ರಿಕೆಟ್ ವಿಶ್ವಕಪ್‌ನ ಟನ್‌ಬ್ರಿಜ್ ವೆಲ್ಸ್ ಪಂದ್ಯ ಅಂದರೆ ಕಪಿಲ್ ದೇವ್ 175. ಇನ್ನೊಂದು ತುದಿಯಲ್ಲಿ ಔಟಾಗದೆ ನಿಂತಿದ್ದವರು ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿ. ಅವರದು 24 ರನ್, ಮುರಿಯದ 9ನೇ ವಿಕೆಟ್ ಜೊತೆಯಾಟ 126. ಅವರು ಅವತ್ತು ಔಟಾಗಿದ್ದರೆ 175 ಎಲ್ಲಿಂದ ಬರುತ್ತಿತ್ತು? ಹಾಗೆ ನಿಂತದ್ದಕ್ಕೆ ಸ್ಕೋರ್‌ಬೋರ್ಡಿನಲ್ಲಿ ಬೇರೆ ಕಾಲಂ ಇಲ್ಲ.

ಹೋದ ವಾರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸುಮ್ನೆ ಕೇಳಿದೆ: ಆ ದಿನ ಕಿರ್ಮಾನಿ ಎಷ್ಟು ಚೆಂಡು ಎದುರಿಸಿದರು? ಮಾವನ ಉತ್ತರ ತಕ್ಷಣ ಬಂತು. ಕಪಿಲ್, ಆರು ಸಿಕ್ಸರ್.