ಹಳೆಯ ಹೋಟೆಲ್ ಕಟ್ಟಡ: ಉಳಿಸಬೇಕೇ, ಕೆಡವಬೇಕೇ?

ಪರ

ದಾವಣಗೆರೆಯ ಹಳೇ ಪೇಟೆಯಲ್ಲಿ ಬೀಗ ಬಿದ್ದ ಹೋಟೆಲ್ ಕಟ್ಟಡದ ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿರುವುದನ್ನು ಕಂಡು, ಇದರ ಆಯಸ್ಸು ಮುಗಿಯಿತು ಎನ್ನುವವರಿದ್ದಾರೆ. ಆ ಗಿಡ ಬೆರಳುದ್ದವಿದ್ದಾಗಲೇ ಕಿತ್ತಿದ್ದರೆ ಸಾಕಿತ್ತು. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಬಿರುಕು ಕಂಡಲ್ಲೆಲ್ಲ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಇಟ್ಟಿಗೆಯನ್ನು ಪುಡಿಮಾಡುತ್ತದೆ. ಇಂಥ ಕಟ್ಟಡಗಳನ್ನು ಹಾಳುಮಾಡುವುದರಲ್ಲಿ ಮಳೆಯಷ್ಟೇ ಪಾಲು ಈ ತಪ್ಪು ರಿಪೇರಿಗೂ ಇದೆ.

ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಈ ಊರಿನಲ್ಲಿ ಚಿತ್ರದುರ್ಗದಂಥ ಕೋಟೆಯಿಲ್ಲ. ಮಂಡಿಗೆ ಮಾಲು ತಂದ ರೈತ, ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ, ಲೆಕ್ಕ ಚುಕ್ತಾ ಮಾಡಲು ಕಾದ ದಲಾಲಿ ಒಂದೇ ಸೂರಿನಡಿ ಕೂತ ಹೋಟೆಲು, ಖಾನಾವಳಿಗಳಲ್ಲೇ ಇದರ ಚರಿತ್ರೆಯನ್ನು ಹುಡುಕಬೇಕು. ಬೆಣ್ಣೆದೋಸೆಯ ಹೆಸರನ್ನು ಬೆಂಗಳೂರಿನ ಬೋರ್ಡುಗಳಿಗೆ ಒಯ್ಯಬಹುದು, ಅದನ್ನು ಬೇಯಿಸಿದ ಸೂರನ್ನು ಒಯ್ಯಲಾಗದು. ಸ್ಮಾರಕಗಳ ರಕ್ಷಣೆಗಾಗಿ ಬಂದ 1958ರ ಕೇಂದ್ರ ಕಾಯ್ದೆ ಕನಿಷ್ಠ 100 ವರ್ಷದ ಹಳಮೆಯನ್ನು ಕೇಳುತ್ತದೆ. ಗಿರಣಿ ಕಾಲದ ಹೋಟೆಲಿಗೆ ಅಷ್ಟು ವಯಸ್ಸಾಗುವ ತನಕ ಅದನ್ನು ಕಾಯುವವರಾರು? ಆ ಹೊಣೆಯನ್ನು ಪಾಲಿಕೆಯೇ ಹೊರಬೇಕು.

ವಿರೋಧ

ಹೆಸರೇ ಕಟ್ಟಡವನ್ನು ಕಾಯುವುದಾದರೆ ಮುಂಬೈಯ ವಾಟ್ಸನ್ಸ್ ಹೋಟೆಲ್ ಇಂದು ನೆಟ್ಟಗಿರಬೇಕಿತ್ತು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲಿ. ಬಾಡಿಗೆದಾರರು ತುಂಬಿಕೊಂಡು, ದುರಸ್ತಿಗೆ ಯಾರೂ ಕೈಹಾಕದೆ, 2005ರಲ್ಲಿ ಅದರ ಮುಂಭಾಗದ ಒಂದಿಷ್ಟು ಕುಸಿಯಿತು. 2019ರಲ್ಲಿ ಐಐಟಿ ಬಾಂಬೆಯ ವರದಿ ಅದನ್ನು ಕೆಡವುವುದೇ ಲೇಸೆಂದಿತು. ನಮ್ಮಲ್ಲೇ 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು.

ಪಾರಂಪರಿಕ ಎಂಬ ಫಲಕ ತಗಲಿಸಿದ ಮಾತ್ರಕ್ಕೆ ಮಾಲೀಕನಿಗೆ ಹಣ ಹುಟ್ಟುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ದಾವೆ ಕೋರ್ಟಿನಲ್ಲಿರುವ ಕಟ್ಟಡಕ್ಕೆ ಯಾವ ಬ್ಯಾಂಕೂ ಸಾಲ ಕೊಡದು, ಗಾರೆ ಕೆಲಸ ಬಲ್ಲ ಗೌಂಡಿಯೂ ಸುಲಭಕ್ಕೆ ಸಿಗುವುದಿಲ್ಲ. ಊರಿನ ನೆನಪಿಗಾಗಿ ಒಂದು ಮನೆತನ ತನ್ನ ನಿವೇಶನವನ್ನು ಕಟ್ಟಿಹಾಕಬೇಕೆನ್ನುವುದು (ಹಾಗೆನ್ನುವವರಲ್ಲಿ ಹೆಚ್ಚಿನವರ ಸ್ವಂತ ಮನೆ ಆರ್‌ಸಿಸಿಯದು) ನ್ಯಾಯವಲ್ಲ. ಬೇಕಿದ್ದರೆ ಪಾಲಿಕೆ ಪೇಟೆ ದರ ಕೊಟ್ಟು ಕೊಳ್ಳಲಿ. ಇಲ್ಲದಿದ್ದರೆ ಕೆಡವುವ ಮುನ್ನ ಅಳತೆ ತೆಗೆದು, ನಕ್ಷೆ ಬರೆದು, ಫೋಟೊ ಹಿಡಿದು, ಗಟ್ಟಿಯಿರುವ ತೊಲೆ-ಕಂಬಗಳನ್ನು ಬೇರೆಡೆ ಬಳಸಲಿ. ಅದಕ್ಕೆ ನನ್ನ ತಕರಾರಿಲ್ಲ.