ಗಿಬ್ಸನ್‌ರ 1.12 ದೊಡ್ಡದೋ, ಪೆಡ್ರೊ ಅವರ 1.74 ದೊಡ್ಡದೋ?

ಬೇಸ್‌ಬಾಲ್ ಚರ್ಚೆಯಲ್ಲಿ 1968ರ ಬಾಬ್ ಗಿಬ್ಸನ್ ಹೆಸರು ಬಂದರೆ ಎಲ್ಲರೂ ಕೈ ಮುಗಿಯುತ್ತಾರೆ. ಇಆರ್‌ಎ 1.12. ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್, ಅಂದರೆ ಚೆಂಡು ಎಸೆಯುವವರು, ಸರಾಸರಿ ಬಿಟ್ಟುಕೊಟ್ಟ ರನ್ನು ಅದು; ಫೀಲ್ಡರುಗಳ ತಪ್ಪಿನಿಂದ ಬಂದದ್ದು ಲೆಕ್ಕಕ್ಕಿಲ್ಲ. ಕಡಿಮೆಯಿದ್ದಷ್ಟೂ ಒಳ್ಳೆಯದು. 2000ದ ಪೆಡ್ರೊ ಮಾರ್ಟಿನೆಜ್ ಅವರದು 1.74. ಆದರೂ ಪೆಡ್ರೊ ಅವರದೇ ಒಂದು ಕೈ ಮೇಲು ಅನ್ನುವುದು ನನ್ನ ವಾದ.

1968ರಲ್ಲಿ ರನ್ನಿಗೇ ಬರ. ತಂಡವೊಂದಕ್ಕೆ ಪಂದ್ಯಕ್ಕೆ ಸಿಗುತ್ತಿದ್ದದ್ದು ಸರಾಸರಿ 3.42. ಬ್ಯಾಟರ್ ಹೊಡೆಯದೆ ಬಿಟ್ಟರೂ ಎಸೆತ ಪಿಚರ್ ಪರವಾಗುವ ಜಾಗವಾದ ಸ್ಟ್ರೈಕ್ ಜೋನನ್ನು 1963ರಲ್ಲೇ ಭುಜದಿಂದ ಮೊಣಕಾಲಿನ ಕೆಳಗಿನವರೆಗೆ ಹಿಗ್ಗಿಸಿದ್ದರು. ಪಿಚರ್ ನಿಲ್ಲುವ ಮೌಂಡ್ 15 ಇಂಚು ಎತ್ತರ. ಅಷ್ಟು ಮೇಲಿಂದ ಇಳಿಯುವ ಚೆಂಡಿಗೆ ಬ್ಯಾಟು ಸರಿಯಾಗಿ ಸಿಗುವುದೇ ಕಷ್ಟ. 1969ಕ್ಕೆ ಮೌಂಡನ್ನು 10 ಇಂಚಿಗೆ ಇಳಿಸಿ, ಜೋನನ್ನು ಕಂಕುಳಿನಿಂದ ಮಂಡಿಯ ಮೇಲ್ತುದಿಗೆ ಕುಗ್ಗಿಸಿದರು. ನಾಲ್ಕು ಹೊಸ ತಂಡಗಳೂ ಬಂದು, ಒಳ್ಳೆಯ ಪಿಚರ್‌ಗಳು ಹಂಚಿಹೋದರು. ಸರಾಸರಿ 4.07ಕ್ಕೆ ಏರಿತು.

2000ದಲ್ಲಿ ಅದೇ ಸರಾಸರಿ 5.14. ಸ್ಟೆರಾಯ್ಡ್ ಒಂದರ ತಲೆಗೇ ಎಲ್ಲವನ್ನೂ ಕಟ್ಟುವವರಿದ್ದಾರೆ. 1993 ಮತ್ತು 1998ರಲ್ಲಿ ಸೇರಿದ ತಂಡಗಳನ್ನೂ, ಚೆಂಡು ತೇಲಿ ಹೋಗುವ ಡೆನ್ವರಿನ ತೆಳು ಗಾಳಿಯನ್ನೂ ಮರೆಯುತ್ತಾರೆ.

ಲೆಕ್ಕ ಸುಲಭ. ಆ ವರ್ಷದ ಲೀಗ್ ಇಆರ್‌ಎಯನ್ನು ಪಿಚರ್‌ನ ಇಆರ್‌ಎಯಿಂದ ಭಾಗಿಸಿ. ಗಿಬ್ಸನ್: 2.99 ಭಾಗಿಸು 1.12, ಅಂದರೆ 2.67. ಪೆಡ್ರೊ: 4.91 ಭಾಗಿಸು 1.74, ಅಂದರೆ 2.82. ಗಿಬ್ಸನ್ ಆಡಿದ್ದು ನ್ಯಾಷನಲ್ ಲೀಗಿನಲ್ಲಿ, ಪೆಡ್ರೊ ಅಮೆರಿಕನ್ ಲೀಗಿನಲ್ಲಿ; ಎರಡು ಲೀಗುಗಳ ಸರಾಸರಿ ಬೆರೆಸಬೇಡಿ. 2000ದಲ್ಲಿ ಅಮೆರಿಕನ್ ಲೀಗಿನಲ್ಲಿ ಪಿಚರ್ ಬದಲು ಬೇರೊಬ್ಬರು ಬ್ಯಾಟ್ ಮಾಡುತ್ತಿದ್ದರು, ನ್ಯಾಷನಲ್ ಲೀಗಿನಲ್ಲಿ ಇಲ್ಲ. ತವರು ಮೈದಾನದ ಗುಣವನ್ನೂ ಸೇರಿಸಿದರೆ ಅಂತರ ಇನ್ನಷ್ಟು ಹಿಗ್ಗುತ್ತದೆ. ಒಂದು ಮಾತು ಗಿಬ್ಸನ್ ಪರ: ಅವರು ಎಸೆದದ್ದು 304 ಇನ್ನಿಂಗ್ಸ್‌ಗೂ ಹೆಚ್ಚು, ಪೆಡ್ರೊ 217.

ಬ್ಯಾಟರುಗಳಿಗೂ ಇದೇ ತಕ್ಕಡಿ. 1908ರ ಸುಮಾರಿಗೆ ಮಾಸಿ ಮೆತ್ತಗಾದ ಚೆಂಡಿನಲ್ಲೇ ಆಟ ಸಾಗುತ್ತಿತ್ತು, ಸರಾಸರಿ 3.38. 1920ರಲ್ಲಿ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಷೇಧಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಬ್ಯಾಟರ್ ರೇ ಚಾಪ್ಮನ್ ತಲೆಗೆ ಚೆಂಡಿನ ಪೆಟ್ಟು ಬಿದ್ದು ತೀರಿಕೊಂಡ ಮೇಲೆ ಕೊಳೆ ಚೆಂಡನ್ನು ಆಗಾಗ ಬದಲಿಸುವುದು ರೂಢಿಯಾಯಿತು. 1930ರ ಹೊತ್ತಿಗೆ 5.55! ಆ ವರ್ಷ ಬಿಲ್ ಟೆರ್ರಿ .401 ಹೊಡೆದರು (ಬ್ಯಾಟಿಂಗ್ ಸರಾಸರಿ, ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 401 ಹಿಟ್), ಆದರೆ ಇಡೀ ನ್ಯಾಷನಲ್ ಲೀಗೇ .303 ಹೊಡೆದಿತ್ತು. 1968ರಲ್ಲಿ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಬರೀ .301ಕ್ಕೆ ಅಮೆರಿಕನ್ ಲೀಗಿನ ಅಗ್ರ ಬ್ಯಾಟರ್, ಲೀಗಿನದು .230. ಭಾಗಿಸಿ ನೋಡಿ: ಟೆರ್ರಿ 1.32, ಯಾಸ್ಟ್ರೆಮ್‌ಸ್ಕಿ 1.31.