ನಿರೀಕ್ಷಿತ ಉತ್ತರ ಕೊಡದ ಮಕ್ಕಳ ಮೇಲೆ ಕ್ರಮ ಯಾವಾಗ?

ಕರ್ನಾಟಕದಲ್ಲಿ ಗಣಿತ ಬಾರದ ಮಗು ಒಂದೂ ಇಲ್ಲ. ಅನುಮಾನವಿರುವವರು ಯಾವುದೇ ಬಿ.ಎಡ್. ಪ್ರಶಿಕ್ಷಣಾರ್ಥಿಯ ಪಾಠ ಯೋಜನೆಯ ಪುಸ್ತಕವನ್ನು ತೆರೆದು ನೋಡಬಹುದು. ಕಂದು ಕಾಗದದ ಹೊದಿಕೆ, ಸ್ಕೇಲು ಹಿಡಿದು ಎಳೆದ ಗೆರೆ, ಎಡಗಡೆ ‘ಶಿಕ್ಷಕರ ಚಟುವಟಿಕೆ’ ಎಂಬ ಕಾಲಂ, ಬಲಗಡೆ ‘ವಿದ್ಯಾರ್ಥಿಗಳ ಚಟುವಟಿಕೆ’. ಎಡಗಡೆ ತ್ರಿಭುಜದ ಒಳಕೋನಗಳ ಮೊತ್ತ ಎಷ್ಟೆಂದು ಶಿಕ್ಷಕರು ಕೇಳುತ್ತಾರೆ. ಬಲಗಡೆ ಮಕ್ಕಳು 180 ಡಿಗ್ರಿ ಎನ್ನುತ್ತಾರೆ. ಎಡಗಡೆ ವಿವರಣೆ ಶುರುವಾದರೆ ಬಲಗಡೆ ‘ಆಸಕ್ತಿಯಿಂದ ಆಲಿಸುತ್ತಾರೆ’. ಇದೆಲ್ಲ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ, ಸೀನಿಯರ್ ಕೊಟ್ಟ ಹಳೆಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಬರೆದದ್ದು. ಮಗು ತನ್ನ ಮನೆಯಲ್ಲಿ ನಿದ್ದೆ ಹೋಗಿರುವಾಗಲೇ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟು ಮುಗಿಸಿರುತ್ತದೆ. ಬೆಳಿಗ್ಗೆ ಅದು ಶಾಲೆಗೆ ಬರುವುದು ಹಾಜರಿ ಹಾಕಿಸಿಕೊಳ್ಳಲು ಮಾತ್ರ.

ಇಂಥ ಮಕ್ಕಳಿಗೆ ಪಾಠ ಮಾಡಲು ಯೋಗ್ಯತೆ ಬೇಡವೇ? ಅದಕ್ಕೇ ಸೂಕ್ಷ್ಮ ಬೋಧನೆ, ಅಂದರೆ ಕೆಲವೇ ನಿಮಿಷಗಳ ತುಣುಕು ಪಾಠದ ಅಭ್ಯಾಸ, ಇದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿ, ನಮ್ಮಲ್ಲಿಗೆ ಬರುವ ಹೊತ್ತಿಗೆ 36 ನಿಮಿಷಗಳ ಒಂದು ವ್ರತವಾಗಿದೆ: ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಬೋಧನೆ, ಕೊನೆಯ ಆರು ನಿಮಿಷ ಮತ್ತೆ ಹಿಮ್ಮಾಹಿತಿ. ಈ ವ್ರತದಲ್ಲಿ ಮಕ್ಕಳ ಪಾತ್ರ ಸಹಪಾಠಿಗಳದ್ದು. ಎಂ.ಎಸ್ಸಿ. ಮುಗಿಸಿ ಬಂದವರು, ಮದುವೆಯಾಗಿ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬಂದವರು, ಐದನೆಯ ತರಗತಿಯ ಮಕ್ಕಳಾಗಿ ಕೈಕಟ್ಟಿ ಕುಳಿತುಕೊಳ್ಳುತ್ತಾರೆ. ಏಳು ಎಂಟಲಿ ಎಷ್ಟು ಎಂದರೆ ಮೇಲೆ ನೋಡಿ, ಸ್ವಲ್ಪ ಯೋಚಿಸಿದಂತೆ ಮಾಡಿ, ಐವತ್ತಾರು ಎನ್ನುತ್ತಾರೆ. ಕೂಡಲೇ ‘ಶಭಾಷ್, ಜಾಣ ಮಗು!’ ಇದಕ್ಕೆ ಪುನರ್ಬಲನ ಕೌಶಲವೆಂದು ಹೆಸರು. ಒಂದೊಂದು ಶಭಾಷ್‌ಗೂ ವೀಕ್ಷಣಾ ಪತ್ರದಲ್ಲಿ ಒಂದೊಂದು ಗೆರೆ ಬೀಳುತ್ತದೆ. ತಪ್ಪು ಉತ್ತರ ಹೇಳುವ ದ್ರೋಹವನ್ನು ಯಾರೂ ಮಾಡುವುದಿಲ್ಲ. ಮುಂದಿನ ಸರದಿ ತಮ್ಮದೇ ಅಲ್ಲವೇ.

ಬೋಧನೋಪಕರಣದ ವಿಷಯಕ್ಕೆ ಬಂದರೆ ಥರ್ಮಾಕೋಲ್ ಮತ್ತು ಮಿನುಗು ಕಾಗದ ಇಲ್ಲದಿದ್ದರೆ ಈ ನಾಡಿನಲ್ಲಿ ಗಣಿತವೇ ಇರುತ್ತಿರಲಿಲ್ಲ. ಪೈಥಾಗೊರಸ್ ಪ್ರಮೇಯದ ಮಾದರಿ ಕಾಲೇಜಿನ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಬಾಹುಗಳು ಯಾವಾಗಲೂ 3, 4, 5. ಬೇರೆ ಅಳತೆಯ ಲಂಬಕೋನ ತ್ರಿಭುಜಗಳಿಗೆ ಈ ಪ್ರಮೇಯ ಅನ್ವಯಿಸುವುದಿಲ್ಲವೆಂದು ಬಹಳ ಮಕ್ಕಳು ನಂಬಿದ್ದಾರೆ. ಅಂಗಡಿಯವನು ಕೂಡ.

ಇಷ್ಟು ಸಿದ್ಧತೆಯಾದ ಮೇಲೆ ಪ್ರಶಿಕ್ಷಣಾರ್ಥಿ ನಿಜವಾದ ತರಗತಿಗೆ ಹೋಗುತ್ತಾಳೆ ಎಂದುಕೊಳ್ಳಿ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಎಷ್ಟು? ಬಲಗಡೆಯ ಕಾಲಂನಲ್ಲಿ 5/6 ಎಂದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು 2/5 ಎನ್ನುತ್ತಾನೆ. ಅಷ್ಟಕ್ಕೇ ಸುಮ್ಮನಾಗದೆ, ‘ಮಿಸ್, ಎರಡು ಮ್ಯಾಚಿನಲ್ಲಿ ಒಂದು ಗೆದ್ದೆವು, ಆಮೇಲೆ ಮೂರರಲ್ಲಿ ಒಂದು ಗೆದ್ದೆವು, ಒಟ್ಟು ಐದರಲ್ಲಿ ಎರಡು’ ಎಂದು ಲೆಕ್ಕವನ್ನೂ ಒಪ್ಪಿಸುತ್ತಾನೆ.

ಪಂದ್ಯದ ಲೆಕ್ಕ ಸರಿಯಾಗಿಯೇ ಇದೆ, ತಪ್ಪಿರುವುದು ಬೇರೆಲ್ಲೋ. ಒಂದೇ ರೊಟ್ಟಿಯ ಅರ್ಧಕ್ಕೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗಲು ಸಾಧ್ಯವೇ ಎಂದು ಅವನನ್ನು ಕೇಳಬಹುದಿತ್ತು. ಪಂದ್ಯದ ಲೆಕ್ಕದಲ್ಲಿ ಎರಡು ಬೇರೆ ಬೇರೆ ‘ಪೂರ್ಣ’ಗಳಿವೆ, ರೊಟ್ಟಿಯಲ್ಲಿ ಒಂದೇ ಇದೆ ಎಂಬುದನ್ನು ಅವನಿಂದಲೇ ಹೇಳಿಸಬಹುದಿತ್ತು. ಆ ದಿನ ಆ ಕೊಠಡಿಯಲ್ಲಿ ಗಣಿತವೆಂದು ಇದ್ದದ್ದು ಅದೊಂದೇ. ಆದರೆ ಅದಕ್ಕೆ ಕಾಲಂ ಇಲ್ಲ. ಆಕೆ ಕೊನೆಯ ಬೆಂಚಿನಲ್ಲಿರುವ ಮೇಲ್ವಿಚಾರಕರನ್ನು ನೋಡುತ್ತಾಳೆ, ಅವರು ಗಡಿಯಾರ ನೋಡುತ್ತಾರೆ. ಟ್ಯೂಷನ್‌ಗೆ ಹೋಗುವ ಮೊದಲ ಬೆಂಚಿನ ಹುಡುಗಿಯನ್ನು ಎಬ್ಬಿಸಲಾಗುತ್ತದೆ. 5/6, ಶಭಾಷ್, ಎಲ್ಲರೂ ಚಪ್ಪಾಳೆ. ‘ಕಪ್ಪುಹಲಗೆ ಬರವಣಿಗೆ ಅಚ್ಚುಕಟ್ಟು. ತರಗತಿ ನಿರ್ವಹಣೆ ಉತ್ತಮ. ಪೀಠಿಕೆ ಇನ್ನಷ್ಟು ಆಕರ್ಷಕವಾಗಿರಲಿ’ ಎಂಬ ಷರಾ ಬೀಳುತ್ತದೆ.

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನುವಂತಿಲ್ಲ. ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ನಾವು ಕಾಲಂಗಳ ಹೆಸರು ಬದಲಾಯಿಸಿದೆವು. ಈಗ ಮಗು ‘ಅನ್ವೇಷಿಸುತ್ತದೆ’, ‘ಜ್ಞಾನವನ್ನು ಕಟ್ಟಿಕೊಳ್ಳುತ್ತದೆ’, ಅದೂ ಹಿಂದಿನ ರಾತ್ರಿಯೇ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ತರಬೇತಿಯ ಹುಳುಕನ್ನು ಬಿಚ್ಚಿಟ್ಟ ಮೇಲೆ, ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಬಹುಪಾಲು ಪ್ರತ್ಯೇಕ ತರಬೇತಿ ಸಂಸ್ಥೆಗಳು ಹಣಕ್ಕೆ ಪದವಿ ಮಾರುತ್ತಿವೆ ಎಂಬ ಆ ಆಯೋಗದ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೊಮ್ಮೆ ಮುದ್ರಿಸಿ, ನಾಲ್ಕು ವರ್ಷದ್ದು, ಎರಡು ವರ್ಷದ್ದು, ಒಂದು ವರ್ಷದ್ದು ಎಂದು ಮೂರು ಬಗೆಯ ಬಿ.ಎಡ್. ತೋರಿಸಿತು. ಒಂದು, ಎರಡು, ನಾಲ್ಕು, ಮತ್ತೆ ಒಂದು. ಈ ಶ್ರೇಢಿಯ ಮುಂದಿನ ಪದ ಯಾವುದೆಂದು ಪ್ರವೇಶ ಪರೀಕ್ಷೆಯಲ್ಲಿ ಕೇಳಬಹುದು.

ಹೆಚ್ಚಿಸಿದ ವರ್ಷದಲ್ಲಿ ಇಂಟರ್ನ್‌ಶಿಪ್ ಉದ್ದವಾಗಿದೆ, ಎರಡನೆಯ ವರ್ಷದಲ್ಲೇ 16 ವಾರ. ಆ ಅವಧಿಯಲ್ಲಿ ರಜೆ ಹಾಕಿದ ಮೇಷ್ಟ್ರ ತರಗತಿಯನ್ನು ಸುಮ್ಮನಿರಿಸುವುದು, ಪೋರ್ಟಲ್‌ಗೆ ಮಾಹಿತಿ ತುಂಬುವುದು, ಬಿಸಿಯೂಟದ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಎಣಿಸಿ ಬರೆಯುವುದು ನಡೆಯುತ್ತದೆ. ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ವಿಷಯಜ್ಞಾನ ಉಪಯೋಗಕ್ಕೆ ಬರುವ ಸಂದರ್ಭ ಆ ಮೊಟ್ಟೆಯದ್ದೇ.

ಪಾಠ ಯೋಜನೆಯ ನಮೂನೆ ಬದಲಾಗುವುದಿಲ್ಲವೆಂದ ಮೇಲೆ ಉಳಿದ ದಾರಿ ಒಂದೇ. ತರಬೇತಿಯನ್ನು ಮಕ್ಕಳಿಗೇ ಕೊಡಬೇಕು. ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಜೂನ್ ತಿಂಗಳ ಸೇತುಬಂಧದ ಜೊತೆಗೇ ಎರಡು ವಾರ, ಆಸಕ್ತಿಯಿಂದ ಆಲಿಸುವುದು ಹೇಗೆ, ಬಲಗಡೆಯ ಕಾಲಂನಲ್ಲಿರುವುದನ್ನೇ ಹೇಳುವುದು ಹೇಗೆ ಎಂದು ಕಲಿಸಿ ಪ್ರಮಾಣಪತ್ರ ಕೊಡಲಿ. ಕ್ರಿಕೆಟ್ ತಂದು ಗಣಿತ ಕೆಡಿಸುವವರಿಗೆ ಪೂರಕ ಪರೀಕ್ಷೆ ಇರಲಿ. ಪ್ರಯಾಣ ಭತ್ಯೆ, ದಿನಭತ್ಯೆಯ ಖರ್ಚೂ ಇಲ್ಲ. ಮಕ್ಕಳು ಹೇಗಿದ್ದರೂ ಶಾಲೆಯಲ್ಲೇ ಇರುತ್ತಾರೆ.